ಸಾಕೋದೇ ಸಾಕಾಯ್ತು: ಹದಿನಾಲ್ಕು ಬಾಯಿಯ ಒಂದು ಪದ ಕಟ್ಟಿದ್ದು

ಒಂದು ಸೇರು ರಾಗಿ ಹಿಟ್ಟಿಗೆ ಎಷ್ಟು ಮುದ್ದೆ ಆಗುತ್ತದೆ? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅದರ ಮೇಲೊಂದು ಪದ ಕಟ್ಟಿ, ಊರ ಗಣಪತಿ ಪೆಂಡಾಲಿನಲ್ಲಿ ಇದ್ದಬದ್ದವರ ಮುಂದೆಲ್ಲ ಹಾಡಿಬಿಟ್ಟೆ. ‘ಸೇರು ಹಿಟ್ಟಿಗೆ ಮುದ್ದೆ ಹದಿನಾಲ್ಕು’ ಅಂತ ಎಳೆದು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಮುಂದೆ ಚಾಪೆ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಗಟ್ಟಿಯಾಗಿ ಕೇಳಿದರು: “ಹದಿನಾಕಾ? ಅದೇನ್ಲಾ ಮಗ, ಮುದ್ದೆನೋ ಗೋಲಿನೋ?”

ಅವತ್ತು ಜನ ಬಿದ್ದು ಬಿದ್ದು ನಕ್ಕರು. ನನ್ನ ಪದಕ್ಕಲ್ಲ, ಅಜ್ಜಿಯ ಮಾತಿಗೆ.

ಇದು 2016ರ ಗಣಪತಿ ಹಬ್ಬದ ಮಾತು. ನಾನು ಆಗ ಅರಸೀಕೆರೆ–ಹಾಸನ ರೂಟಿನಲ್ಲಿ ಬಸ್ ಕಂಡಕ್ಟರ್. ಈಗ ರಿಟೈರ್ ಆಗಿ ಊರಲ್ಲಿದ್ದೇನೆ. ಊರು ಅರಸೀಕೆರೆ ಸೀಮೆಯ ಒಂದು ಸಣ್ಣ ಹಳ್ಳಿ. ನಾಲ್ಕು ತೆಂಗಿನ ತೋಟ, ಮಳೆ ಬಂದರೆ ರಾಗಿ, ಬರದಿದ್ದರೆ ಅರಳಿಕಟ್ಟೆ ಮೇಲೆ ಮಾತು. ಶನಿವಾರ ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ ಮಾಡುತ್ತೇವೆ. ಹಾರ್ಮೋನಿಯಂ ನಮ್ಮೂರ ಟೈಲರ್ ಒಬ್ಬರದು, ತಾಳಕ್ಕೆ ಇಬ್ಬರು ಹುಡುಗರು, ದಮ್ಮಡಿ ನನ್ನ ಬಾಮೈದ, ಹಾಡುವುದು ನಾನು. ಸಂಗೀತ ಕಲಿತವನಲ್ಲ. ‘ಒಳಗಡೆ ಹೋಗ್ರೀ, ಒಳಗೆ ಜಾಗ ಐತೆ’ ಅಂತ ಮೂವತ್ತು ವರ್ಷ ಕೂಗಿದ ಗಂಟಲು, ಅಷ್ಟೇ.

ಪದ ಕಟ್ಟಬೇಕು ಅನ್ನುವ ಆಸೆಯೇನೂ ಇರಲಿಲ್ಲ. ಗಣಪತಿ ಕೂರಿಸಿದ ಹುಡುಗರು ಆ ವರ್ಷ ಆರ್ಕೆಸ್ಟ್ರಾಗೆ ದುಡ್ಡು ಸಾಲದೆ ನಮ್ಮ ಹತ್ತಿರ ಬಂದರು. “ಭಜನೆ ಬೇಡ ಅಣ್ಣ, ನಗೋ ಅಂಥದ್ದೇನಾದ್ರೂ ಹಾಡಿ” ಅಂದರು. ನಮ್ಮ ಭಜನೆ ಕೇಳಿ ಅದಾಗಲೇ ನಗುತ್ತಿದ್ದರು, ಆ ಮಾತು ಬೇರೆ.

ವಸ್ತುವಿಗೆ ದೂರ ಹೋಗಬೇಕಿರಲಿಲ್ಲ. ನಾನು ಹುಟ್ಟಿದ ಮನೆಯಲ್ಲೇ ಹದಿನಾಲ್ಕು ಜನ. ಒಂದೇ ಒಲೆ. ದುಡಿಯುವ ಯಜಮಾನ ನಮ್ಮಪ್ಪ ಒಬ್ಬರೇ. ಸಂಜೆ ಊಟಕ್ಕೆ ಎರಡು ಪಂಕ್ತಿ. ಮೊದಲು ಮಕ್ಕಳು, ಗಂಡಸರು; ಆಮೇಲೆ ಹೆಂಗಸರು. ಅವ್ವ ಬಡಿಸುತ್ತಾ ಬರುತ್ತಿದ್ದರೆ ನಮ್ಮಲ್ಲಿ ಯಾರೂ ಕೈ ಅಡ್ಡ ಹಿಡಿದು ‘ಸಾಕು’ ಅಂದದ್ದು ನನಗೆ ನೆನಪಿಲ್ಲ. ತಟ್ಟೆ ನೋಡುತ್ತಿದ್ದೆವು, ಅವ್ವನ ಕೈ ನೋಡುತ್ತಿದ್ದೆವು. ಅಪ್ಪ ಮಾತ್ರ ಗೋಡೆಗೆ ಒರಗಿ ಕೂತು ಒಂದೇ ಮಾತು ಹೇಳುತ್ತಿದ್ದರು: “ಇವುನ್ನೆಲ್ಲ ಸಾಕಿ ಸಾಕಿ ಸಾಕಾಗೋಯ್ತು.”

ಆ ಮಾತನ್ನು ನಲವತ್ತು ವರ್ಷ ಹೊತ್ತುಕೊಂಡು ತಿರುಗಿದ್ದೆ, ಒಳಗೆ ಏನಿದೆ ಅಂತ ಬಿಚ್ಚಿ ನೋಡಿರಲಿಲ್ಲ. ಒಂದು ದಿನ ಹಾರನಹಳ್ಳಿ ದಾಟಿದ ಮೇಲೆ ಬಸ್ಸು ಖಾಲಿ ಇತ್ತು. ಸುಮ್ನೆ ಕೂತು ಗುನುಗುತ್ತಿದ್ದಾಗ ಥಟ್ಟನೆ ಹೊಳೆಯಿತು. ಸಂಸಾರ ಸಾಕುವುದೂ ಸಾಕು, ಬೇಜಾರಾದರೂ ಸಾಕು, ತಟ್ಟೆ ಮುಂದೆ ಕೈ ಅಡ್ಡ ಹಿಡಿದರೂ ಸಾಕು. ಮೂರೂ ಒಂದೇ ಮಾತು! ಟಿಕೆಟ್ ರೋಲಿನ ಹಿಂಬದಿಯಲ್ಲಿ ಬರೆದುಕೊಂಡೆ:

ಸಾಕೋದೇ ಸಾಕಾಯ್ತು ಕೇಳಣ್ಣ – ನಮ್ಮ
ಮನೆಯಾಗೆ ಸಾಕನ್ನೋರಿಲ್ಲಣ್ಣ

ಪಲ್ಲವಿ ಸಿಕ್ಕಿತು. ಪಲ್ಲವಿ ಸಿಕ್ಕರೆ ಅರ್ಧ ಕೆಲಸ ಆಯಿತು ಅಂತಾರೆ. ಸುಳ್ಳು. ಕಷ್ಟ ಶುರುವಾಗುವುದೇ ಅಲ್ಲಿಂದ.

ಮೊದಲು ನಾನು ತ್ರಿಪದಿಯಲ್ಲಿ ಕಟ್ಟಲು ಹೋದೆ. ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದದ್ದೆಲ್ಲ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಇರುವಷ್ಟು ಹಳೆಯ ಮಟ್ಟು ಅದು. ಹಳ್ಳಿಯವರ ಬಾಯಲ್ಲಿ ಇವತ್ತಿಗೂ ಸವೆದಿಲ್ಲ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಊರೂರಿನ ಹೆಂಗಸರ ಬಾಯಿಂದ ಕೇಳಿ ಇಂಥ ಹಾಡುಗಳನ್ನು ಕೂಡಿಹಾಕಿದ್ದರು. ಹಾಗಾಗಿ ಅದೇ ಸರಿ ಅನ್ನಿಸಿತು. ಹೀಗೆ ಕಟ್ಟಿದೆ:

ಹತ್ತೂರು ದುಡಿದರೂ ಹಿಟ್ಟಿಗೆ ಸಾಲದು
ಹದಿನಾಲ್ಕು ಬಾಯಿ ಮನೆಯಾಗೆ – ನಮ್ಮಣ್ಣ
ಬಾಮೈದ ಬಂದ ಬರಿಗೈಲಿ

ಓದಲು ಚೆನ್ನಾಗಿಯೇ ಇದೆ. ಹಾಡಿ ನೋಡಿ. ತ್ರಿಪದಿ ಹಾಡುವ ಕ್ರಮ ಏನು? ಮೂರನೆಯ ಸಾಲು ಮುಗಿದ ಮೇಲೆ ಮತ್ತೆ ಎರಡನೆಯ ಸಾಲಿಗೆ ತಿರುಗಿ ಬರಬೇಕು. ದುಃಖದ ಹಾಡಿಗೆ ಅದು ಬಹಳ ಚೆಂದ, ಬೀಸುವ ಕಲ್ಲು ಸುತ್ತು ಬಂದ ಹಾಗೆ. ಆದರೆ ನಗೆಯ ಹಾಡಿಗೆ? ‘ಬಾಮೈದ ಬಂದ ಬರಿಗೈಲಿ’ ಅಂದಾಗ ಜನ ನಗಬೇಕು. ನಗಲು ಬಾಯಿ ತೆಗೆಯುವಷ್ಟರಲ್ಲಿ ನಾವು ಮತ್ತೆ ‘ಹದಿನಾಲ್ಕು ಬಾಯಿ ಮನೆಯಾಗೆ’ ಅಂತ ಹಿಂದಕ್ಕೆ ಹೋಗುತ್ತೇವೆ. ಸ್ಟಾಪು ಬಂದ ಮೇಲೆ ಬಸ್ಸು ರಿವರ್ಸ್ ಹೊಡೆದ ಹಾಗೆ. ನಾಲ್ಕು ಶನಿವಾರ ಒದ್ದಾಡಿದೆವು. ಯಾಕೆ ಸಪ್ಪೆ ಆಗುತ್ತಿದೆ ಅಂತ ಗೊತ್ತಾಗಲಿಲ್ಲ. ಕೊನೆಗೆ ಬಾಮೈದನೇ ಹೇಳಿದ, “ಬಾವ, ನಗೆ ಕೊನೇಲಿ ಬರ್ಲಿ, ಬಂದಲ್ಲೇ ನಿಂತ್ಕೊಳ್ಳಿ.”

ಅಲ್ಲಿಗೆ ತ್ರಿಪದಿ ಬಿಟ್ಟೆ. ಕೋಲಾಟದ ಧಾಟಿಯಲ್ಲಿ ನಾಲ್ಕು ಸಾಲಿನ ನುಡಿ. ಮೊದಲ ಮೂರು ಸಾಲು ಲೆಕ್ಕ, ನಾಲ್ಕನೆಯದು ಬಡಿತ. ಅದಾದ ತಕ್ಷಣ ದಮ್ಮಡಿ ನಿಲ್ಲಬೇಕು. ಪೂರ್ತಿ ನಿಲ್ಲಬೇಕು. ಜನ ನಗುವಷ್ಟು ನಗಲಿ, ನಗು ಇಳಿಯುವ ಹೊತ್ತಿಗೆ ದಮ್ಮಡಿ ಒಂದು ಏಟು, ಆಮೇಲೆ ಎಲ್ಲರೂ ಸೇರಿ ‘ಸಾಕೋದೇ ಸಾಕಾಯ್ತು.’ ಇದು ಹೇಳಲು ಸುಲಭ. ಹಾಡುವವನಿಗೆ ಮೌನ ಅಂದರೆ ಭಯ. ಯಾರೂ ನಗದಿದ್ದರೆ ಅಂತ. ಮೊದಮೊದಲು ನಾನು ಆ ಮೌನವನ್ನು ತಡೆಯಲಾರದೆ ನಾನೇ ಮುಂದಿನ ಸಾಲಿಗೆ ಹಾರಿಬಿಡುತ್ತಿದ್ದೆ. ತಮಟೆ ಇಟ್ಟು ನೋಡಿದೆವು, ಪದವೇ ಕೇಳಿಸಲಿಲ್ಲ. ನಗೆ ಪದಕ್ಕೆ ದಮ್ಮಡಿಯೇ ಸರಿ, ಮಾತಿನ ಮೇಲೆ ಕೂರುವುದಿಲ್ಲ.

ಮೊದಲ ನುಡಿ ತಲೆ ಎಣಿಸುವುದು. ಇದು ನನ್ನ ಕಸುಬು, ಕಷ್ಟವಾಗಲಿಲ್ಲ:

ಅಪ್ಪ ಅವ್ವ ಎರಡು, ನಾನು ಅವಳು ಎರಡು
ಮಕ್ಕಳಾರು ಸೇರಿ ಹತ್ತಾಯ್ತು
ತಮ್ಮಂದಿರಿಬ್ಬರು ತಂಗಿ ಹದಿಮೂರು
ಬಾಮೈದ ಬಂದು ಭರ್ತಿಯಾಯ್ತು

ಕೂಡಿ ನೋಡಿ, ಹದಿನಾಲ್ಕೇ ಬರುತ್ತದೆ. ಹಾಡು ಕೇಳುವವರು ಬೆರಳು ಮಡಚಿ ಎಣಿಸುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಒಂದು ತಲೆ ಹೆಚ್ಚುಕಡಿಮೆ ಆದರೆ ನಗುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ.

ಇಷ್ಟು ಗೊತ್ತಿದ್ದೂ ಮುದ್ದೆಯಲ್ಲಿ ಎಡವಿದೆ. ಹದಿನಾಲ್ಕು ಬಾಯಿಗೆ ಹದಿನಾಲ್ಕು ಮುದ್ದೆ, ಒಂದು ಸೇರು, ಪ್ರಾಸಕ್ಕೆ ಸರಿ ಹೋಯಿತು ಅಂತ ಬರೆದಿದ್ದೆ. ಅಜ್ಜಿ ಗೋಲಿ ಅಂದರು.

ಮಾರನೆಯ ದಿನ ವಾರದ ರಜೆ. ಮನೆಯಾಕೆಗೆ ವಿಷಯ ಹೇಳಿದೆ. “ನಿಮಗೆ ಯಾರು ಹೇಳಿದ್ರು ಹದಿನಾಲ್ಕು ಅಂತ? ನನ್ನ ಒಂದು ಮಾತು ಕೇಳಬಾರದಿತ್ತಾ?” ಅಂತ ಅಟ್ಟದ ಮೇಲಿಂದ ಹಳೆಯ ಕಬ್ಬಿಣದ ಸೇರು ಇಳಿಸಿದಳು. ಅದರಲ್ಲೇ ಮೊದಲ ಜಗಳ. ತಲೆ ಸವರಿ ಅಳೆಯಬೇಕು ಅಂತ ಇವಳು, ಗೋಪುರ ಬರಬೇಕು ಅಂತ ಅವ್ವ. “ಸವರಿ ಕೊಡೋದು ಸಾಲ ಕೊಡೋರು ಕಣೆ, ಉಣ್ಣೋಕೆ ಅಳೆಯೋರು ಸವರ್ತಾರಾ?” ಅಂದರು ಅವ್ವ. ಸವರಿಯೇ ಅಳೆದೆವು. ಎಸರು ಮರಳಿತು. ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯಕ್ಕೊಂದು ತೂತು ಮಾಡಿ, ಉಕ್ಕಿ ಉಕ್ಕಿ ಬೇಯಲು ಬಿಟ್ಟಳು. ಆಮೇಲೆ ಪಾತ್ರೆ ಕೆಳಗಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು ತೊಳಸತೊಡಗಿದಳು. ನಾನು ದಿನಾ ಉಣ್ಣುವವನು, ಎದುರು ಕೂತು ನೋಡಿದ್ದು ಅವತ್ತೇ. ಭುಜದಿಂದ ಸೊಂಟದವರೆಗೆ ಇಡೀ ಮೈ ಕೆಲಸ ಮಾಡುತ್ತದೆ. ಕೋಲು ಪಾತ್ರೆಗೆ ಬಡಿಯುವ ಸದ್ದಿಗೆ ಒಂದು ಲೆಕ್ಕ ಇದೆ. ಎರಡು ಗಿಡ್ಡ, ಒಂದು ಉದ್ದ. ಎರಡು ಗಿಡ್ಡ, ಒಂದು ಉದ್ದ. ಹಣೆಯ ಬೆವರು ಮೊಣಕೈಯಿಂದ ಒರೆಸಿಕೊಂಡು, ನೀರು ಮುಟ್ಟಿ ಮುಟ್ಟಿ ಮುದ್ದೆ ಕಟ್ಟಿದಳು. ಮಣೆಯ ಮೇಲೆ ಸಾಲಾಗಿ ಇಟ್ಟೆವು.

ಏಳು. ಚೆನ್ನಾಗಿ ದುಡಿದು ಬಂದವನು ಉಣ್ಣುವ ಗಾತ್ರದ್ದು ಏಳು.

ಈಗ ನೋಡಿ ಮಜಾ. ಸೇರಿಗೆ ಏಳು ಅಂದರೆ ಹದಿನಾಲ್ಕು ಜನಕ್ಕೆ ಹೊತ್ತಿಗೆ ಎರಡು ಸೇರು. ಎರಡು ಹೊತ್ತಿಗೆ ನಾಲ್ಕು ಸೇರು. ಬೆಳಗಿನ ತಂಗಳು ಲೆಕ್ಕಕ್ಕೆ ಬೇಡ. ಒಂದು ಪಲ್ಲ ಅಂದರೆ ನೂರು ಸೇರು. ನೂರನ್ನು ನಾಲ್ಕರಿಂದ ಭಾಗಿಸಿ, ಇಪ್ಪತ್ತೈದು ದಿನ! ತಿಂಗಳಿಗೆ ಮೂವತ್ತು ದಿನ. ಉಳಿದ ಐದು ದಿನಕ್ಕೆ ಏನು ಗತಿ? ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ನಗೆ ಆ ಐದು ದಿನದೊಳಗೆ ಕೂತಿತ್ತು. ಸುಳ್ಳು ಲೆಕ್ಕ ಬರೆದಿದ್ದಕ್ಕೆ ಸಿಕ್ಕಿರಲಿಲ್ಲ.

ಸೇರು ಹಿಟ್ಟಿಗೆ ಮುದ್ದೆ ಏಳು ಕಣಣ್ಣ
ಹೊತ್ತಿಗೆ ಎಲ್ಡು ಸೇರಣ್ಣ
ಪಲ್ಲ ರಾಗಿ ಬೀಸಿದ್ರೆ ಇಪ್ಪತ್ತೈದ್ ದಿನ
ಮಿಕ್ಕೈದು ನೆಂಟರ ಮನೆಯಣ್ಣ

ಇದನ್ನು ಹಾಡಿದಾಗ ಹೆಂಗಸರು ಮೊದಲು ನಗುತ್ತಾರೆ, ಗಂಡಸರು ಆಮೇಲೆ. ಲೆಕ್ಕ ಯಾರಿಗೆ ಬೇಗ ಹೊಳೆಯುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆ ಅಜ್ಜಿ ಮುಂದಿನ ವರ್ಷವೂ ಅದೇ ಜಾಗದಲ್ಲಿ ಕೂತಿದ್ದರು. ‘ಏಳು ಕಣಣ್ಣ’ ಅಂದಾಗ ನಾನು ಅವರ ಮುಖವನ್ನೇ ನೋಡಿದೆ. ತಲೆ ಆಡಿಸಿದರು. ನನಗೆ ಬೇರೆ ಪ್ರಶಸ್ತಿ ಬೇಕಿರಲಿಲ್ಲ.

ಬಾಮೈದನ ನುಡಿಯ ಕಥೆ ಸ್ವಲ್ಪ ಸೂಕ್ಷ್ಮ. ಪದದಲ್ಲಿ ಬಿಟ್ಟಿ ಉಣ್ಣುವವನು ಬಾಮೈದ. ದಮ್ಮಡಿ ಬಾರಿಸುವವನೂ ಬಾಮೈದ. ನಿಜಜೀವನದಲ್ಲಿ ಅವನು ನನಗಿಂತ ಜಾಸ್ತಿ ದುಡಿಯುವವನು, ಸ್ವಂತ ಮನೆ, ತೋಟ ಎಲ್ಲ ಇದೆ. ಆದರೆ ಪೆಂಡಾಲಿನಲ್ಲಿ ಕೂತವರಿಗೆ ಅದೆಲ್ಲ ಯಾಕೆ? ಎಲ್ಲರೂ ಅವನನ್ನೇ ನೋಡಿ ನಗಲು ಶುರು ಮಾಡಿದರು. ಎರಡನೆಯ ಪ್ರೋಗ್ರಾಮಿಗೆ ಮುನಿಸಿಕೊಂಡ. ಮುನಿಸು ಬಾಯಲ್ಲಿ ಹೇಳಲಿಲ್ಲ, ದಮ್ಮಡಿಯಲ್ಲಿ ಹೇಳಿದ. ನಿಲ್ಲಿಸಬೇಕಾದ ಕಡೆ ಬಾರಿಸಿದ, ಬಾರಿಸಬೇಕಾದ ಕಡೆ ಬೀಡಿ ಹುಡುಕುತ್ತಾ ಕೂತ. ಆಮೇಲೆ ಒಪ್ಪಂದ ಆಯಿತು. ಅವನ ನುಡಿಯನ್ನು ಅವನೇ ಹಾಡಬೇಕು. ಅವನ ಬಾಯಲ್ಲೇ ಬಂದಾಗ ನಗು ಎರಡು ಪಟ್ಟಾಯಿತು ನೋಡಿ.

ಆ ನುಡಿಗೆ ಹಾಸನಾಂಬೆಯನ್ನು ತಂದೆವು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಸನದ ಅಮ್ಮನ ಗುಡಿ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ ಕೆಲವು ದಿನ ತೆಗೆಯುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಆರುವುದಿಲ್ಲ ಅನ್ನುವುದು ನಂಬಿಕೆ. ಆ ದಿನಗಳಲ್ಲಿ ನಮ್ಮ ರೂಟಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ದರ್ಶನಕ್ಕೆ ಅಂತ ನೆಂಟರ ಮನೆಗೆ ಬಂದು ವಾರಗಟ್ಟಲೆ ಉಳಿಯುವವರ ದೂರು ನಾನು ಪ್ರತಿ ವರ್ಷ ಕೇಳುತ್ತಿದ್ದೆ.

ಹಾಸನಮ್ಮನ ನೋಡೋಕೆ ಬಂದಾನೊ ಬಾಮೈದ
ಮೂರು ಸಲ ಬಾಗ್ಲು ತೆಗ್ದು ಹಾಕಿದ್ರು
ಅಮ್ಮನ ಗುಡಿಯಾಗೆ ಹಚ್ಚಿಟ್ಟ ದೀಪದಂಗೆ
ಆರಂಗಿಲ್ಲ ಇವ ಏಳಂಗಿಲ್ಲ

‘ಆರಂಗಿಲ್ಲ ಏಳಂಗಿಲ್ಲ’ ಅಂದಾಗ ಎಲ್ಲರೂ ನಕ್ಕರು, ಒಬ್ಬ ಹೈಸ್ಕೂಲು ಹುಡುಗ ಮಾತ್ರ ಸ್ವಲ್ಪ ತಡವಾಗಿ ನಕ್ಕ. ಕೆಳಗಿಳಿದ ಮೇಲೆ ಬಂದು, “ಅಂಕಲ್, ಆರು ಏಳು ಅಂತ ನಂಬರ್ ಇಟ್ಟಿದ್ದೀರಲ್ಲ, ಸೂಪರ್” ಅಂದ. ನಾನು ಇಟ್ಟಿರಲೇ ಇಲ್ಲ! ದೀಪ ಆರುವುದು, ಮನುಷ್ಯ ಏಳುವುದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಭಾಷೆ ತಾನಾಗಿ ಇಟ್ಟುಕೊಂಡಿತ್ತು. ಹುಡುಗನಿಗೆ ಮಾತ್ರ “ಹೂಂ ಮತ್ತೆ, ಸುಮ್ನೆನಾ?” ಅಂದೆ.

ಬಸ್ಸಿನ ನುಡಿಗೆ ನನ್ನ ಸರ್ವಿಸ್ಸೇ ಸಾಕ್ಷಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ, ಅಲ್ಲಿಂದ ಹನ್ನೆರಡರವರೆಗೆ ಅರ್ಧ. ಹಾಗಾಗಿ ನಮ್ಮ ಬಸ್ಸಿನಲ್ಲಿ ಮಕ್ಕಳು ಬೆಳೆಯುವುದು ಬಹಳ ನಿಧಾನ.

ಐದೇ ವರ್ಷ ಸ್ವಾಮಿ ನಮ್ಮ ಹುಡುಗಂಗೆ
ಮೂರು ವರ್ಷದಿಂದ ಐದಣ್ಣ
ಮೀಸೆ ಬಂದ ಮ್ಯಾಲೆ ಹಾಫ್ ಟಿಕೆಟ್ ಕೇಳಿದ್ರೆ
ಮದುವೆ ಯಾವಾಗಂದ ಕಂಡಕ್ಟ್ರಣ್ಣ

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಸೊನ್ನೆ. ಲೆಕ್ಕ ತಪ್ಪಿದ ಪದ ಹಾಡಬಾರದು ಅಂತ ಮುದ್ದೆಯಲ್ಲಿ ಪಾಠ ಆಗಿತ್ತಲ್ಲ, ಇನ್ನೊಂದು ನುಡಿ ಸೇರಿಸಿದೆ. ಹದಿನಾಲ್ಕರಲ್ಲಿ ಹೆಂಗಸರೆಷ್ಟು ಅಂತ ಮೊದಲು ತೀರ್ಮಾನ ಮಾಡಬೇಕಾಯಿತು. ಆರು ಮಕ್ಕಳಲ್ಲಿ ನಾಲ್ಕು ಹೆಣ್ಣು ಅಂತ ಮಾಡಿಕೊಂಡರೆ ಅವ್ವ, ಹೆಂಡತಿ, ತಂಗಿ ಸೇರಿ ಏಳು. ಸರಿಯಾಗಿ ಅರ್ಧ.

ಏಳು ಹೆಂಗಸ್ರಿಗೆ ಸೊನ್ನೆ ಟಿಕೇಟು
ಏಳು ಗಂಡಸ್ರಿಗೆ ಕಾಸಣ್ಣ
ಬಾಮೈದ ಸೀರೆ ಉಟ್ಕೊಂಡ್ ಬತ್ತೀನಂದ
ಆಧಾರ್ ಕಾರ್ಡು ಎಲ್ಲಣ್ಣ

ಇನ್ನೊಂದು ಸಲ ಕೆಟ್ಟ ಅನುಭವ ಆಯಿತು. ಯಾರೋ ಒಬ್ಬರು, ಪದ ಚೆನ್ನಾಗಿದೆ, ಕೊನೆಯಲ್ಲಿ ಚಿಕ್ಕ ಸಂಸಾರದ ಸಂದೇಶ ಸೇರಿಸಿದರೆ ಜಾಗೃತಿ ಕಾರ್ಯಕ್ರಮಕ್ಕೆ ಕರೆಯುತ್ತೇವೆ ಅಂದರು. ಬಸ್ಸಿನ ಖರ್ಚು, ಊಟ, ಒಂದಿಷ್ಟು ದುಡ್ಡು. ನಾನೂ ಆಸೆಬಿದ್ದೆ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಅನ್ನುವ ಗೋಡೆ ಬರಹ ಓದಿಕೊಂಡೇ ಬೆಳೆದವರು ನಾವು, ಕುಟುಂಬ ಯೋಜನೆಯ ಕೆಂಪು ತ್ರಿಕೋಣದ ಪಕ್ಕದಲ್ಲಿ. ಅದೇ ಧಾಟಿಯಲ್ಲಿ ಒಂದು ನುಡಿ ಅಂಟಿಸಿದೆ. ಹಾಡಿದೆವು. ಅಲ್ಲಿಯವರೆಗೆ ನಗುತ್ತಿದ್ದ ಜನ ಮೇಷ್ಟ್ರು ಬಂದ ಹಾಗೆ ಸುಮ್ಮನಾದರು. ಐದು ನುಡಿ ಜೊತೆಗೆ ನಕ್ಕವನು ಆರನೆಯದರಲ್ಲಿ ಬುದ್ಧಿ ಹೇಳಲು ನಿಂತರೆ ಯಾರಿಗೆ ಇಷ್ಟವಾಗುತ್ತದೆ? ಆ ನುಡಿಯನ್ನು ಇಲ್ಲಿ ಬರೆಯುವುದೂ ಇಲ್ಲ. ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆದದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಒಂಬತ್ತು ಹೆತ್ತ ನಮ್ಮಜ್ಜಿಗೆ ಆ ಸುದ್ದಿ ತಲುಪಿರಲಿಲ್ಲ ಅಂತ ಕಾಣುತ್ತದೆ. ಈಗ ಯಾರಿಗೂ ಹೇಳಬೇಕಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹೆಂಗಸೊಬ್ಬರಿಗೆ ಸರಾಸರಿ 1.7 ಮಕ್ಕಳು. ಅದನ್ನು ಓದಿದಾಗ ನನಗೆ ಬಂದ ಯೋಚನೆ ಒಂದೇ: ಆ ಪಾಯಿಂಟ್ ಏಳು ಮಗುವಿಗೆ ಹಾಫ್ ಕೊಡಬೇಕೋ ಫುಲ್ಲೋ?

ಇಷ್ಟೆಲ್ಲ ಆದರೂ ಒಂದು ವಿಷಯ ಕಾಡುತ್ತಲೇ ಇತ್ತು. ಮೊದಲಿದ್ದ ಪದದಲ್ಲಿ ಹೆಂಡತಿಯ ಬಗ್ಗೆ ಒಂದು ನುಡಿ ಇತ್ತು. ಸೀರೆ ಕೇಳುತ್ತಾಳೆ, ಒಡವೆ ಕೇಳುತ್ತಾಳೆ ಅನ್ನುವ ಮಾಮೂಲಿ ಹಾಸ್ಯ. ಗಂಡಸರು ಸೀಟಿ ಹೊಡೆದರು. ಹೆಂಗಸರ ಕಡೆ ಒಂದು ಹಲ್ಲೂ ಕಾಣಲಿಲ್ಲ. ನಾನು ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಒಂದು ರಾತ್ರಿ ಜಗುಲಿಯಲ್ಲಿ ಕೂತು ಗುನುಗುತ್ತಿದ್ದೆ. ಒಳಗೆ ಇವಳು ಮುದ್ದೆ ತೊಳಸುತ್ತಿದ್ದಳು. ಎರಡು ಗಿಡ್ಡ, ಒಂದು ಉದ್ದ. ಕೋಲಿನ ಸದ್ದಿಗೆ ಸರಿಯಾಗಿ ಅಡುಗೆಮನೆಯಿಂದ ಹಾಡು ಬಂತು:

ತಂದೆ ತಂದೆ ಅಂತ ಊರೆಲ್ಲ ಸಾರ್ತಾನೆ
ಬೀಸ್ದೋರು ತೊಳಸ್ದೋರು ಯಾರಕ್ಕ
ಹದಿನಾಕು ಬಾಯಂತ ಲೆಕ್ಕ ಹಾಕ್ತಾನೆ
ದೊಡ್ಡ ಬಾಯಿ ಇವನ್ದೇ ಕೇಳ್ರಕ್ಕ

ನಾನು ಎದ್ದು ಬಾಗಿಲಿಗೆ ಹೋಗಿ ನಿಂತೆ. ತಿರುಗಿಯೂ ನೋಡಲಿಲ್ಲ. ಬೆನ್ನು ಹಾಕಿಕೊಂಡೇ ಪಲ್ಲವಿಯನ್ನೂ ತಿರುಗಿಸಿದಳು:

ಸಾಕೋದೇ ಸಾಕಾಯ್ತು ಕೇಳ್ರಕ್ಕ – ಇವನ
ಸಾಕಿದ್ದು ನಾನಂತ ಹೇಳ್ರಕ್ಕ

ಸತ್ಯವಾಗಿ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ‘ತಂದೆ’ ಅನ್ನುವ ಮಾತಿನಲ್ಲಿ ಅಪ್ಪನೂ ಇದ್ದಾನೆ, ಸಾಮಾನು ತಂದವನೂ ಇದ್ದಾನೆ. ನಾನು ವರ್ಷಗಟ್ಟಲೆ ಸಾಕುವವನ ಪದ ಹಾಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಇನ್ನೊಂದು ನೋಡಿ: ನನ್ನ ಪದದ ಪ್ರಾಸವೆಲ್ಲ ‘ಅಣ್ಣ.’ ಹೆಂಡತಿ ಗಂಡನಿಗೆ ಅಣ್ಣ ಅನ್ನಲಾಗುತ್ತದಾ? ನಾನಾಗಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಅವಳು ಗಂಡನ ಜೊತೆ ಮಾತಾಡುವುದನ್ನೇ ಬಿಟ್ಟು, ಮುಂದೆ ಕೂತ ಹೆಂಗಸರ ಕಡೆ ತಿರುಗಿ ‘ಅಕ್ಕ’ ಅಂದುಬಿಟ್ಟಳು. ಪ್ರಾಸವೂ ಉಳಿಯಿತು, ಗಂಡನ ಮಾನ ಹೋಯಿತು.

ಸೀರೆ ಒಡವೆಯ ನುಡಿಯನ್ನು ಅವತ್ತೇ ಕಿತ್ತುಹಾಕಿದೆ. ಸ್ಟೇಜಿಗೆ ಬಾ ಅಂದರೆ ಇವಳು ಒಪ್ಪಲಿಲ್ಲ. “ನನಗೇನು ಕೆಲಸ ಇಲ್ವಾ?” ಅಂದಳು. ಸ್ತ್ರೀಶಕ್ತಿ ಸಂಘದ ಒಬ್ಬರು ಅಕ್ಕ ಹಾಡುತ್ತಾರೆ, ಗಟ್ಟಿ ಗಂಟಲು. ಆ ನುಡಿಗೆ ದಮ್ಮಡಿ ಇಲ್ಲ, ಹಾರ್ಮೋನಿಯಂ ಇಲ್ಲ. ಅಲ್ಯುಮಿನಿಯಂ ಪಾತ್ರೆ, ಹಿಟ್ಟಿನ ಕೋಲು, ಅಷ್ಟೇ. ಆ ಅಕ್ಕ ಸ್ಟೇಜಿನ ಮೇಲೆ ಕಾಲು ಚಾಚಿ ಕೂತು ಖಾಲಿ ಪಾತ್ರೆ ತೊಳಸುತ್ತಾ ಹಾಡುತ್ತಾರೆ. ನಾನು ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲಬೇಕು. ಬಾಯಿ ತೆರೆಯುವ ಹಾಗಿಲ್ಲ. ಪದ ಮುಗಿಯುವುದೇ ಅಲ್ಲಿ, ಅದಾದ ಮೇಲೆ ನಾವು ಏನು ಹಾಡಿದರೂ ನಿಲ್ಲುವುದಿಲ್ಲ.

ಮೈಕಿನ ವಿಷಯ ಒಂದು ಮರೆತೆ. ಶಾಮಿಯಾನದವರ ಮೈಕಿನಲ್ಲಿ ಎಕೋ ಇಟ್ಟಿರುತ್ತಾರೆ, ನಾವು ಬೇಡ ಅಂದರೂ ಇಡುತ್ತಾರೆ. ನಗೆ ಪದಕ್ಕೆ ಎಕೋ ವಿಷ, ಕೊನೆಯ ಮಾತು ಕಲಸಿಹೋಗುತ್ತದೆ. ಒಂದು ಸಲ ಅದನ್ನು ಆರಿಸುವುದು ಮರೆತು ಪಲ್ಲವಿಗೆ ಹೋದೆವು. ಬಾಕ್ಸಿನಿಂದ ‘ಸಾಕು... ಸಾಕು... ಸಾಕು...’ ಅಂತ ಬಂತು. ಹಿಂದೆ ನಿಂತವನೊಬ್ಬ “ಬಿಡ್ರಪ್ಪ, ಮೈಕ್‌ಗೂ ಸಾಕಾಯ್ತಂತೆ” ಅಂದ. ಈಗ ಪಲ್ಲವಿಗೆ ಮಾತ್ರ ಎಕೋ ಹಾಕಿಸುತ್ತೇವೆ.

ಮನೆಯಲ್ಲಿ ಈಗ ನಾವು ನಾಲ್ಕೇ ಜನ. ಅವ್ವ, ಇವಳು, ನಾನು, ಕಾಲೇಜಿಗೆ ಹೋಗುವ ಮಗಳು. ಸೇರು ಅಟ್ಟಕ್ಕೆ ವಾಪಸ್ ಹೋಗಿಲ್ಲ, ಅಡುಗೆಮನೆಯಲ್ಲೇ ಇದೆ, ಸ್ಪೂನು ಇಡಲು. ಬಾಮೈದ ಭಜನೆ ಮುಗಿಸಿ ಊಟಕ್ಕೆ ಬಂದರೆ ಐದು. ಊಟಕ್ಕೆ ಕೂತಾಗ ಯಾರ ಬಾಯಿಂದಾದರೂ ‘ಸಾಕು’ ಅಂತ ಬಂದರೆ ಮಗಳು ತಟ್ಟೆ ಬಡಿದು ಪಲ್ಲವಿ ಎತ್ತಿಬಿಡುತ್ತಾಳೆ, ಅವ್ವನೂ ಜೊತೆ ಸೇರುತ್ತಾರೆ, ಸಾರು ಆರಿಹೋಗುತ್ತದೆ. ಹಾಗಾಗಿ ಈಗ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಸಾಕು ಅನ್ನುವುದಿಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ, ಅಷ್ಟೇ.